ಉಗಿಗೊಂದು ಲಕ್ಷ್ಮಣರೇಖೆ

ಸಕ್ಕರೆಯ ಕಾರ್ಖಾನೆಯಾಗಲಿ, ಬಟ್ಟೆಯ ಗಿರಣಿಯಾಗಲಿ, ಅಕ್ಕಿಯ ಮಿಲ್ಲಾಗಲಿ, ಉಗಿಯ ಬಲದಿಂದ ಕೆಲಸ ನಡೆಯುವ ಯಾವ ಸ್ಥಳಕ್ಕೆ ಹೋದರೂ ಬಾಯ್ಲರಿನ ಹಣೆಯ ಮೇಲೆ ದುಂಡನೆಯ ಮಾಪಕವೊಂದು ಕಾಣುತ್ತದೆ. ಗಡಿಯಾರದ ಮುಖದಂತಿರುವ ಅದರ ಬಿಳಿಯ ತಟ್ಟೆಯಲ್ಲಿ ಅಂಕಿಗಳಿರುತ್ತವೆ. ನಡುವೆ ಸಣ್ಣಗೆ ನಡುಗುವ ಮುಳ್ಳೊಂದಿರುತ್ತದೆ. ಒಂದು ಅಂಕಿಯ ಎದುರಿಗೆ ಕೆಂಪು ಬಣ್ಣದ ಗೆರೆಯೊಂದನ್ನು ಎಳೆದಿರುತ್ತಾರೆ. ಮುಳ್ಳು ಆ ಗೆರೆಯನ್ನು ದಾಟಕೂಡದು. ಬಾಯ್ಲರನ್ನು ನೋಡಿಕೊಳ್ಳುವ ಕೆಲಸಗಾರನಿಗೆ ಕಲಿಸುವ ಮೊದಲನೆಯ ಪಾಠವೂ ಕೊನೆಯ ಪಾಠವೂ ಅದೇ.

ಆ ಗೆರೆಯನ್ನು ಎಳೆದವರು ಯಾರು? ಅದು ಈ ಅಂಕಿಯ ಎದುರಿಗೇ ಏಕೆ ನಿಂತಿತು? ಇಂದು ಎಳೆದ ಗೆರೆ ಮೂವತ್ತು ವರ್ಷಗಳ ಅನಂತರವೂ ಅಲ್ಲಿಯೇ ಇರಬಹುದೆ? ಕಾರ್ಖಾನೆಯ ಗೋಡೆಯ ಹೊರಗೆ ಬದುಕುವ ಸಂಸಾರಸ್ಥನಿಗೆ ಇದರಿಂದ ಆಗಬೇಕಾದುದೇನು ಎಂದು ಕೇಳುವಂತಿಲ್ಲ. ಅವನ ಕಾಫಿಯ ಸಕ್ಕರೆ, ಮೈಮೇಲಿನ ಬಟ್ಟೆ, ದೀಪದ ವಿದ್ಯುತ್ತಿನ ಬಹುಪಾಲು, ಎಲ್ಲವೂ ಆ ಗೆರೆಯ ಕೆಳಗೆ ದುಡಿದ ಉಗಿಯಿಂದಲೇ ಬಂದವು. ಅಷ್ಟೇ ಅಲ್ಲ, ಅವನ ಮನೆಯ ಒಲೆಯ ಮೇಲೆಯೂ ಪುಟ್ಟ ಬಾಯ್ಲರೊಂದು ದಿನವೂ ಕೂಗುತ್ತಿರುತ್ತದೆ.

ಅಡುಗೆಮನೆಯ ಬಾಯ್ಲರು

ತೆರೆದ ಪಾತ್ರೆಯಲ್ಲಿ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ ಶಾಖಕ್ಕೆ ಕುದಿಯುತ್ತದೆ. ಆಮೇಲೆ ಎಷ್ಟು ಸೌದೆ ಒಟ್ಟಿದರೂ ನೀರು ಬೇಗಬೇಗನೆ ಆವಿಯಾಗಿ ಹೋಗುವುದೇ ಹೊರತು ಹೆಚ್ಚು ಬಿಸಿಯಾಗದು. ಪಾತ್ರೆಯ ಬಾಯನ್ನು ಬಿಗಿಯಾಗಿ ಮುಚ್ಚಿದರೆ ಸಂಗತಿ ಬದಲಾಗುತ್ತದೆ. ಹೊರಕ್ಕೆ ಹೋಗಲಾರದ ಆವಿ ನೀರಿನ ಮೇಲೆಯೇ ಒತ್ತಿ ಕೂರುತ್ತದೆ. ಆ ಒತ್ತಡದ ಕೆಳಗೆ ನೀರು ಕುದಿಯಬೇಕಾದರೆ ಇನ್ನೂ ಹೆಚ್ಚಿನ ಶಾಖ ಬೇಕಾಗುತ್ತದೆ. ಪ್ರೆಷರ್ ಕುಕ್ಕರಿನಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಹೆಚ್ಚಾಗಿರುತ್ತದೆ. ಆಗ ಒಳಗಿನ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುತ್ತದೆ. ಬೇಳೆ ಬೇಗ ಬೇಯುವ ಗುಟ್ಟು ಇಷ್ಟೆ.

ಈ ಗುಟ್ಟನ್ನು ಲೋಕಕ್ಕೆ ತೋರಿಸಿಕೊಟ್ಟವನು ಫ್ರಾನ್ಸಿನ ಡೆನಿಸ್ ಪ್ಯಾಪಿನ್. 1679ರಲ್ಲಿ ಅವನು ಲಂಡನ್ನಿನ ರಾಯಲ್ ಸೊಸೈಟಿಯ ವಿದ್ವಾಂಸರ ಮುಂದೆ ಬಿಗಿಮುಚ್ಚಳದ ಪಾತ್ರೆಯೊಂದನ್ನು ಇಟ್ಟು, ಅದರಲ್ಲಿ ಗಟ್ಟಿ ಮೂಳೆಗಳನ್ನೂ ಮೆತ್ತಗೆ ಬೇಯಿಸಬಹುದೆಂದು ತೋರಿಸಿದ. ಬಿಗಿದ ಪಾತ್ರೆ ಸಿಡಿಯಬಹುದೆಂಬುದೂ ಅವನಿಗೆ ತಿಳಿದಿತ್ತು. ಆದುದರಿಂದ ಅವನು ಮುಚ್ಚಳದಲ್ಲಿ ಸಣ್ಣ ರಂಧ್ರವೊಂದನ್ನು ಬಿಟ್ಟು, ಅದರ ಬಾಯಿಗೆ ಬಿರಡೆ ಇಟ್ಟು, ಬಿರಡೆಯ ಮೇಲೆ ಸನ್ನೆಯ ಮೂಲಕ ತೂಕವೊಂದು ಒರಗುವಂತೆ ಮಾಡಿದ. ಒಳಗಿನ ಒತ್ತಡ ಮಿತಿ ಮೀರಿದರೆ ತೂಕ ಮೇಲೇಳುತ್ತದೆ, ಆವಿ ಹೊರಬೀಳುತ್ತದೆ, ಪಾತ್ರೆ ಉಳಿಯುತ್ತದೆ. ಇಂದಿನ ಕುಕ್ಕರಿನ ಸೀಟಿಗೂ, ಕಾರ್ಖಾನೆಯ ಬಾಯ್ಲರಿನ ರಕ್ಷಣಾ ಕವಾಟಕ್ಕೂ ಮೂಲಪುರುಷನೆಂದರೆ ಆ ಪುಟ್ಟ ತೂಕವೇ.

ಉಗಿಯ ಒತ್ತಡಕ್ಕೆ ಮನುಷ್ಯ ಹಾಕಿದ ಮೊದಲ ಎಲ್ಲೆ ಅದು. ಆ ಎಲ್ಲೆಯನ್ನು ಗೌರವಿಸುವುದನ್ನು ಕಲಿಯಲು ಮಾತ್ರ ಇನ್ನೂ ಎರಡು ಶತಮಾನಗಳು ಹಿಡಿದವು.

ಅಪಾಯ ಅಡಗಿರುವುದೆಲ್ಲಿ?

ಬಾಯ್ಲರು ಸಿಡಿಯಿತೆಂದರೆ ಉಗಿ ಸಿಡಿಯಿತೆಂದು ಸಾಮಾನ್ಯವಾಗಿ ಜನ ತಿಳಿಯುತ್ತಾರೆ. ನಿಜವಾದ ಶತ್ರು ಉಗಿಗಿಂತ ಹೆಚ್ಚಾಗಿ ನೀರು. ಚದರ ಸೆಂಟಿಮೀಟರಿಗೆ 10 ಕಿಲೋಗ್ರಾಂ ಒತ್ತಡದಲ್ಲಿರುವ ಬಾಯ್ಲರಿನ ನೀರು ಸುಮಾರು 184 ಡಿಗ್ರಿಯಷ್ಟು ಕಾದಿರುತ್ತದೆ. ಒತ್ತಡವಿರುವ ತನಕ ಅದು ನೀರಾಗಿಯೇ ತೆಪ್ಪಗಿರುತ್ತದೆ. ಬಾಯ್ಲರಿನ ಚಿಪ್ಪು ಎಲ್ಲಿಯಾದರೂ ಸೀಳಿ ಒತ್ತಡ ಕ್ಷಣಾರ್ಧದಲ್ಲಿ ಇಳಿದುಹೋಯಿತೋ, ಆ ನೀರಿಗೆ ನೀರಾಗಿ ಉಳಿಯುವ ಹಕ್ಕಿಲ್ಲ. ಅದರ ಸುಮಾರು ಆರನೆಯ ಒಂದು ಭಾಗ ಆ ಗಳಿಗೆಯಲ್ಲಿಯೇ ಉಗಿಯಾಗಿ ಬಿಡುತ್ತದೆ. ಒಂದು ಲೀಟರು ನೀರು ಉಗಿಯಾದರೆ ಹೊರಗಿನ ಗಾಳಿಯಲ್ಲಿ ಸಾವಿರದ ಆರುನೂರು ಲೀಟರಿಗೂ ಹೆಚ್ಚು ಸ್ಥಳ ಬೇಡುತ್ತದೆ. ಸಾವಿರ ಲೀಟರು ನೀರಿರುವ ಸಾಧಾರಣ ಬಾಯ್ಲರೊಂದು ಬಿರಿದರೆ ಎರಡೂವರೆ ಲಕ್ಷ ಲೀಟರಿಗೂ ಹೆಚ್ಚು ಉಗಿ ಒಮ್ಮೆಗೇ ಹುಟ್ಟುತ್ತದೆ. ಗೋಡೆ, ಛಾವಣಿ, ಮನುಷ್ಯ, ಯಾವುದೂ ಅದಕ್ಕೆ ಅಡ್ಡಿಯಲ್ಲ.

ಆದುದರಿಂದಲೇ ಹೊಸ ಬಾಯ್ಲರನ್ನು ಪರೀಕ್ಷಿಸುವಾಗ ಅದರೊಳಗೆ ಉಗಿಯನ್ನು ತುಂಬುವುದಿಲ್ಲ. ತಣ್ಣೀರನ್ನು ತುಂಬಿ, ಮುಂದೆ ಅದು ಹೊರಬೇಕಾದ ಒತ್ತಡದ ಒಂದೂವರೆಯಷ್ಟನ್ನು ಪಂಪಿನಿಂದ ಹೇರುತ್ತಾರೆ. ತಣ್ಣೀರು ಕುಗ್ಗುವ ವಸ್ತುವಲ್ಲ. ಚಿಪ್ಪು ಬಿರುಕುಬಿಟ್ಟರೆ ನಾಲ್ಕು ಹನಿ ಜಿನುಗಿ ಒತ್ತಡ ತಾನಾಗಿ ಇಳಿದುಹೋಗುತ್ತದೆ. ದೋಷ ಹೊರಬೀಳುತ್ತದೆ, ಯಾರ ಪ್ರಾಣವೂ ಹೋಗುವುದಿಲ್ಲ.

ಕವಾಟವನ್ನು ಬಿಗಿದ ಕೈ

ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್ ಒತ್ತಡದ ವಿಷಯದಲ್ಲಿ ಬಹಳ ಹೆದರಿಕೆಯ ಮನುಷ್ಯ. ಅವನ ಯಂತ್ರಗಳು ಚದರ ಅಂಗುಲಕ್ಕೆ ಕೆಲವೇ ಪೌಂಡುಗಳ ಒತ್ತಡದಲ್ಲಿ ನಡೆಯುತ್ತಿದ್ದವು. ಅವನ ಕಾಲದ ಕಬ್ಬಿಣ, ಅವನ ಕಾಲದ ಕಮ್ಮಾರಿಕೆ, ಎರಡನ್ನೂ ಬಲ್ಲವನಿಗೆ ಆ ಭಯ ಅಕಾರಣವಾದುದೆಂದು ತೋರದು. ಆದರೆ ಕಡಿಮೆ ಒತ್ತಡದ ಯಂತ್ರಕ್ಕೆ ಗಾತ್ರ ಬಹಳ. ಸಣ್ಣ ಯಂತ್ರದಿಂದ ದೊಡ್ಡ ಕೆಲಸ ತೆಗೆಯಬೇಕಾದರೆ ಒತ್ತಡವನ್ನು ಏರಿಸಲೇಬೇಕು. ವಾಟ್‌ನ ಹಕ್ಕುಪತ್ರದ ಅವಧಿ 1800ರಲ್ಲಿ ಮುಗಿಯಿತು. ಕಾರ್ನ್‌ವಾಲಿನ ಗಣಿಗಳ ನಾಡಿನವನಾದ ರಿಚರ್ಡ್ ಟ್ರೆವಿಥಿಕ್ ಎಂಬ ಸಾಹಸಿ ಹೆಚ್ಚಿನ ಒತ್ತಡದ ಯಂತ್ರಗಳನ್ನು ಕಟ್ಟಲಾರಂಭಿಸಿದ. 1802ರಲ್ಲಿ ಕೋಲ್‌ಬ್ರುಕ್‌ಡೇಲ್ ಎಂಬಲ್ಲಿ ಅವನ ಯಂತ್ರ ಚದರ ಅಂಗುಲಕ್ಕೆ 145 ಪೌಂಡು, ಎಂದರೆ ಇಂದಿನ ಅಳತೆಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 10 ಕಿಲೋಗ್ರಾಂ ಒತ್ತಡದಲ್ಲಿ ನಡೆಯಿತು.

ಮರುವರ್ಷವೇ ಪೆಟ್ಟು ಬಿತ್ತು. 1803ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಬಳಿಯ ಗ್ರಿನಿಚ್‌ನಲ್ಲಿ ಕಟ್ಟಡದ ತಳಹದಿಯ ನೀರೆತ್ತುತ್ತಿದ್ದ ಅವನ ಯಂತ್ರವೊಂದರ ಬಾಯ್ಲರು ಸಿಡಿಯಿತು. ಸ್ಥಳದಲ್ಲಿಯೇ ಮೂವರು ಸತ್ತರು. ಗಾಯಗೊಂಡ ಇನ್ನೊಬ್ಬ ಆಮೇಲೆ ತೀರಿಕೊಂಡ. ನಡೆದುದೇನೆಂಬುದನ್ನು ಟ್ರೆವಿಥಿಕ್ ತನ್ನ ಪತ್ರವೊಂದರಲ್ಲಿ ಬರೆದಿದ್ದಾನೆ. ಯಂತ್ರವನ್ನು ನೋಡಿಕೊಳ್ಳಬೇಕಾಗಿದ್ದ ಹುಡುಗ ತಳಹದಿಯ ನೀರಿನಲ್ಲಿ ಹಾವುಮೀನು ಹಿಡಿಯಲು ಹೋಗಿದ್ದ. ಅವನ ಬದಲಿಗೆ ನಿಂತಿದ್ದ ಕೂಲಿಗಾರ, ಯಂತ್ರ ಬಹಳ ವೇಗವಾಗಿ ಓಡುತ್ತಿರುವುದನ್ನು ಕಂಡು ಅದನ್ನು ನಿಲ್ಲಿಸಿದ. ಉಗಿಯ ಕವಾಟದ ಸನ್ನೆಯನ್ನು ಯಾರೋ ಸ್ಪ್ಯಾನರಿನಿಂದ ಬಿಗಿದಿಟ್ಟಿದ್ದರು. ಅದನ್ನು ತೆಗೆಯಬೇಕೆಂಬುದು ಅವನಿಗೆ ತೋಚಲಿಲ್ಲ. ಯಂತ್ರ ನಿಂತಿತು, ಉರಿ ನಿಲ್ಲಲಿಲ್ಲ, ಉಗಿಗೆ ಹೋಗಲು ದಾರಿಯಿರಲಿಲ್ಲ.

ಟ್ರೆವಿಥಿಕ್ ಈ ದುರಂತದಿಂದ ಎದೆಗುಂದಲಿಲ್ಲ. ಆದರೆ ಪಾಠವನ್ನು ಕಲಿಯದೆಯೂ ಇರಲಿಲ್ಲ. ಮುಂದಿನ ಯಂತ್ರಗಳಿಗೆ ಅವನು ಒಂದರ ಬದಲು ಎರಡು ರಕ್ಷಣಾ ಕವಾಟಗಳನ್ನಿಟ್ಟ. ಅವುಗಳಲ್ಲಿ ಒಂದು ಮಾತ್ರ ಯಂತ್ರ ನಡೆಸುವವನ ಕೈಗೆ ಸಿಗುವಂತಿತ್ತು. ಇದರ ಜೊತೆಗೆ ಬಾಯ್ಲರಿನಲ್ಲಿ ಸೀಸದ ಬಿರಡೆಯೊಂದನ್ನು ಕೂರಿಸಿದ. ನೀರು ತಗ್ಗಿ ಆ ಬಿರಡೆ ಬರಿದಾದರೆ ಸೀಸ ಕರಗುತ್ತದೆ. ಉಗಿ ನುಗ್ಗಿಬಂದು ಎಚ್ಚರಿಸುತ್ತದೆ. ಇಂದಿನ ಕುಕ್ಕರಿನ ಮುಚ್ಚಳದಲ್ಲಿ ಸೀಟಿಯ ಪಕ್ಕಕ್ಕೆ ಕಾಣುವ ಸೇಫ್ಟಿ ವಾಲ್ವು ಆ ಸೀಸದ ಬಿರಡೆಯ ವಂಶದ್ದೇ. ಅದು ಕರಗಿಹೋದಾಗ ಸಿಕ್ಕಿದ ಲೋಹದ ತುಂಡನ್ನು ಅಲ್ಲಿ ಬಿಗಿಯುವ ಮನೆಯವರು, ಗ್ರಿನಿಚ್‌ನಲ್ಲಿ ಸ್ಪ್ಯಾನರು ಬಿಗಿದವನ ಕೆಲಸವನ್ನೇ ಮಾಡುತ್ತಾರೆ.

ಗೆರೆಯ ಹಿಂದಿನ ಲೆಕ್ಕ

ಕವಾಟ ಯಾವ ಒತ್ತಡದಲ್ಲಿ ತೆರೆಯಬೇಕೆಂಬುದನ್ನು ನಿರ್ಧರಿಸಲು ಬಾಯ್ಲರಿನ ಚಿಪ್ಪು ಎಷ್ಟನ್ನು ತಡೆಯಬಲ್ಲದೆಂಬುದು ತಿಳಿಯಬೇಕು. ಲೆಕ್ಕ ಕಷ್ಟವಾದುದಲ್ಲ, ಹೈಸ್ಕೂಲಿನ ಹುಡುಗನೂ ಮಾಡಬಹುದು. ಎರಡು ಮೀಟರು ಅಡ್ಡಳತೆಯ, ಉದ್ದನೆಯ ಪೀಪಾಯಿಯಂತಹ ಉಕ್ಕಿನ ಬಾಯ್ಲರೊಂದನ್ನು ಊಹಿಸಿಕೊಳ್ಳಬೇಕು. ಅದರ ಒಂದು ಸೆಂಟಿಮೀಟರು ಅಗಲದ ಉಂಗುರವನ್ನು ಮಾತ್ರ ನೋಡಿದರೆ ಸಾಕು. ಒಳಗೆ ಚದರ ಸೆಂಟಿಮೀಟರಿಗೆ 10 ಕಿಲೋಗ್ರಾಂ ಒತ್ತಡವಿದ್ದರೆ, ಆ ಉಂಗುರವನ್ನು ಎರಡು ಹೋಳಾಗಿಸಲು 2,000 ಕಿಲೋಗ್ರಾಂ ಬಲ ಎಳೆಯುತ್ತಿರುತ್ತದೆ. ಎರಡು ಕಡೆಯ ತಗಡುಗಳೂ ಅದನ್ನು ಹಂಚಿಕೊಳ್ಳುವುದರಿಂದ ಒಂದೊಂದರ ಪಾಲಿಗೆ 1,000 ಕಿಲೋಗ್ರಾಂ. ತಗಡಿನ ದಪ್ಪ 1.6 ಸೆಂಟಿಮೀಟರಾದರೆ ಉಕ್ಕಿನ ಪ್ರತಿ ಚದರ ಸೆಂಟಿಮೀಟರೂ 625 ಕಿಲೋಗ್ರಾಂ ಎಳೆತವನ್ನು ಹೊರುತ್ತದೆ. ಬಾಯ್ಲರಿಗೆ ಬಳಸುವ ಮೆದು ಉಕ್ಕು ಹರಿಯುವುದು ಸುಮಾರು 4,000 ಕಿಲೋಗ್ರಾಂ ಎಳೆತಕ್ಕೆ. ಹೊರೆಗಿಂತ ಶಕ್ತಿ ಆರು ಪಾಲಿಗೂ ಮಿಗಿಲಾಗಿದೆ.

ಇಷ್ಟಕ್ಕೆ ನೆಮ್ಮದಿಯಿಂದ ಕೂರುವಂತಿಲ್ಲ. ಹಳೆಯ ಕಾಲದಲ್ಲಿ ಬಾಯ್ಲರೆಂದರೆ ತಗಡುಗಳನ್ನು ರಿವೆಟ್ಟುಗಳಿಂದ ಹೊಲಿದು ಮಾಡಿದ ಪಾತ್ರೆ. ರಿವೆಟ್ಟಿಗಾಗಿ ತೂತು ಕೊರೆದ ತಗಡು ಇಡಿಯ ತಗಡಿನಷ್ಟು ಗಟ್ಟಿಯಲ್ಲ. ಮ್ಯಾಂಚೆಸ್ಟರಿನ ವಿಲಿಯಂ ಫೇರ್‌ಬೇರ್ನ್ 19ನೆಯ ಶತಮಾನದಲ್ಲಿ ಪ್ರಯೋಗಗಳನ್ನು ನಡೆಸಿ, ಇಡಿಯ ತಗಡಿನ ಬಲ 100 ಆದರೆ ಎರಡು ಸಾಲು ರಿವೆಟ್ಟಿನ ಹೊಲಿಗೆಯದು 70, ಒಂದೇ ಸಾಲಿನದು 56 ಎಂದು ತೋರಿಸಿದ. ಮೇಲಿನ ಬಾಯ್ಲರಿಗೆ ಎರಡು ಸಾಲಿನ ಹೊಲಿಗೆಯಿದ್ದರೆ ಆರು ಪಾಲಿನ ನೆಮ್ಮದಿ ನಾಲ್ಕೂವರೆಗೆ ಇಳಿಯುತ್ತದೆ.

ಈ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪೀಪಾಯಿಯನ್ನು ಉದ್ದಕ್ಕೆ ಸೀಳಲು ಎಳೆಯುವ ಬಲ, ಅದನ್ನು ಅಡ್ಡಕ್ಕೆ ತುಂಡರಿಸಲು ಎಳೆಯುವ ಬಲದ ಎರಡರಷ್ಟು. ಹೆಚ್ಚು ಬೆಂದ ಅವರೆಕಾಯಿ ಉದ್ದಕ್ಕೆ ಬಿರಿಯುವಂತೆ ಬಾಯ್ಲರೂ ಉದ್ದಕ್ಕೇ ಬಿರಿಯುತ್ತದೆ. ಆದುದರಿಂದ ಉದ್ದನೆಯ ಹೊಲಿಗೆ ಬಾಯ್ಲರಿನ ಮರ್ಮಸ್ಥಾನ.

ಇನ್ನು ಕಾಲದ ಪಾಲು. ನೀರಿನಲ್ಲಿ ಕರಗಿದ ಗಾಳಿ ಉಕ್ಕನ್ನು ಒಳಗಿನಿಂದ ತಿನ್ನುತ್ತದೆ. ಮೇಲಿನ ಬಾಯ್ಲರಿನ ತಗಡು ಹಲವು ವರ್ಷಗಳಲ್ಲಿ ಸವೆದು 1.6ರಿಂದ ಒಂದು ಸೆಂಟಿಮೀಟರಿಗೆ ಬಂದಿತೆನ್ನೋಣ. ಎಳೆತ 625ರಿಂದ 1,000ಕ್ಕೆ ಏರಿತು. ಹೊಲಿಗೆಯನ್ನೂ ಲೆಕ್ಕಕ್ಕೆ ಹಿಡಿದರೆ ಉಳಿದ ನೆಮ್ಮದಿ ಮೂರು ಪಾಲಿಗೂ ಕಡಿಮೆ. ಗಡಸು ನೀರನ್ನು ಕಾಯಿಸಿದ ಬಚ್ಚಲುಮನೆಯ ಹಂಡೆಯ ತಳದಲ್ಲಿ ಬೆಳೆಯುವ ಬಿಳಿಯ ಚಿಪ್ಪು ಬಾಯ್ಲರಿನಲ್ಲಿಯೂ ಬೆಳೆಯುತ್ತದೆ. ಅದು ಶಾಖವನ್ನು ನೀರಿಗೆ ಬಿಟ್ಟುಕೊಡದೆ ತಡೆಯುವುದರಿಂದ ತಗಡು ಮಿತಿಮೀರಿ ಕಾಯುತ್ತದೆ. ಕಾದ ಉಕ್ಕು ಮೆತ್ತಗಾಗುತ್ತದೆ. ಇಷ್ಟೆಲ್ಲ ಆದರೂ ಮಾಪಕದ ತಟ್ಟೆಯ ಮೇಲಿನ ಕೆಂಪು ಗೆರೆ ತಾನಾಗಿ ಒಂದು ಕೂದಲೆಳೆಯಷ್ಟೂ ಕೆಳಗಿಳಿಯದು. ಅದನ್ನು ಇಳಿಸಬೇಕಾದವನು ಮನುಷ್ಯ.

ಒಂದು ತೇಪೆ

ಇಳಿಸಬೇಕಾದಾಗ ಇಳಿಸದಿದ್ದರೆ ಏನಾಗಬಹುದೆಂಬುದಕ್ಕೆ ಒಂದು ಉದಾಹರಣೆ ಕಾರ್ಖಾನೆಯದಲ್ಲ, ಹಡಗಿನದು. ಪಾಠ ಮಾತ್ರ ಎರಡಕ್ಕೂ ಒಂದೇ. 1865ರ ಏಪ್ರಿಲಿನಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿಯುತ್ತ ಬಂದಿತ್ತು. ಸೆರೆಯಿಂದ ಬಿಡುಗಡೆಯಾದ ಉತ್ತರದ ಸೈನಿಕರನ್ನು ಮನೆಗೆ ಕರೆದೊಯ್ಯುತ್ತಿದ್ದ ‘ಸುಲ್ತಾನ’ ಎಂಬ ಉಗಿಹಡಗು ಮಿಸಿಸಿಪಿ ನದಿಯಲ್ಲಿ ಮೇಲಕ್ಕೆ ಸಾಗುತ್ತಿತ್ತು. 376 ಮಂದಿಯನ್ನು ಹೊರಲು ಅನುಮತಿಯಿದ್ದ ಹಡಗಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರಿದ್ದರು. ದಾರಿಯಲ್ಲಿ ವಿಕ್ಸ್‌ಬರ್ಗ್ ಎಂಬಲ್ಲಿ ಬಾಯ್ಲರೊಂದರ ತಗಡು ಉಬ್ಬಿರುವುದು ಕಂಡುಬಂತು. ಉಬ್ಬಿದ ತಗಡನ್ನು ತೆಗೆದು ಸರಿಯಾಗಿ ದುರಸ್ತಿ ಮಾಡಲು ದಿನಗಳು ಬೇಕು. ಪ್ರಯಾಣಿಕರ ಬಾಡಿಗೆ ಕೈತಪ್ಪೀತು. ಆದುದರಿಂದ ಅವಸರದ ತೇಪೆಯೊಂದನ್ನು ಹಾಕಿದರು. ಮೂಲ ತಗಡಿನ ದಪ್ಪ ಅಂಗುಲದ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ತೇಪೆಯ ದಪ್ಪ ಕಾಲು ಅಂಗುಲ. ಬಾಯ್ಲರಿಗೆ ಗೊತ್ತುಮಾಡಿದ್ದ ಎಲ್ಲೆ 145 ಪೌಂಡು. ತೇಪೆಯ ದಪ್ಪವನ್ನು ಲೆಕ್ಕ ಹಾಕಿದರೆ ಅದು ಸುಮಾರು 100 ಪೌಂಡಿಗೆ ಇಳಿಯಬೇಕಾಗಿತ್ತು. ಇಳಿಯಲಿಲ್ಲ.

ಏಪ್ರಿಲ್ 27ರ ನಡುರಾತ್ರಿ ಮೀರಿದ ಮೇಲೆ, ಮೆಂಫಿಸ್ ನಗರವನ್ನು ದಾಟಿದ ಸ್ವಲ್ಪ ಹೊತ್ತಿನಲ್ಲಿ, ನಾಲ್ಕು ಬಾಯ್ಲರುಗಳಲ್ಲಿ ಮೂರು ಸಿಡಿದವು. ನೀರು ತಗ್ಗಿದ್ದುದು, ಹಡಗು ವಾಲುತ್ತಿದ್ದುದು, ನದಿಯ ಕೆಸರುನೀರು, ತೆಳುವಾದ ತೇಪೆ ಎಂದು ಬೇರೆ ಬೇರೆ ಕಾರಣಗಳನ್ನು ಹೇಳುತ್ತಾರೆ. ಸತ್ತವರ ಲೆಕ್ಕ ಸುಮಾರು 1,200ರಿಂದ 1,800ರವರೆಗೆ ಹೋಗುತ್ತದೆ. ಯುದ್ಧದಿಂದಲೂ ಸೆರೆಮನೆಯಿಂದಲೂ ಬದುಕಿ ಬಂದಿದ್ದವರು ಅವರು.

ಬ್ರಾಕ್‌ಟನ್ನಿನ ಬೆಳಗು

ತೇಪೆ ಕಣ್ಣಿಗೆ ಕಾಣುವ ದೋಷ. ಕಣ್ಣಿಗೆ ಕಾಣದ ದೋಷದ ಕಥೆ ಇದಕ್ಕಿಂತ ಕಠೋರವಾದುದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಕ್‌ಟನ್ ಬೂಟುಗಳ ತಯಾರಿಕೆಗೆ ಹೆಸರಾದ ಊರು. ಅಲ್ಲಿ ಗ್ರೋವರ್ ಬೂಟು ಕಾರ್ಖಾನೆಯೆಂಬ ನಾಲ್ಕು ಅಂತಸ್ತಿನ ಮರದ ಕಟ್ಟಡವಿತ್ತು. 1905ರ ಮಾರ್ಚ್ 20, ಸೋಮವಾರ. ಹೊಸ ಬಾಯ್ಲರನ್ನು ದುರಸ್ತಿಗಾಗಿ ನಿಲ್ಲಿಸಿದ್ದರಿಂದ, ಆಪತ್ತಿಗೆಂದು ಉಳಿಸಿಕೊಂಡಿದ್ದ ಹಳೆಯ ಬಾಯ್ಲರಿಗೆ ಉರಿ ಹಾಕಿದ್ದರು. ಚಳಿಯ ಬೆಳಗು, ಹೆಂಗಸರೂ ಗಂಡಸರೂ ಆಗತಾನೆ ಬಂದು ತಮ್ಮ ತಮ್ಮ ಹೊಲಿಗೆಯಂತ್ರಗಳ ಮುಂದೆ ಕುಳಿತಿದ್ದರು. ಎಂಟು ಗಂಟೆಗೆ ಇನ್ನೂ ಕೆಲವು ನಿಮಿಷವಿರುವಾಗ ಹಳೆಯ ಬಾಯ್ಲರು ಬಿರಿಯಿತು.

ಅದು ನೆಲದಿಂದ ಕಿತ್ತುಬಂದು, ಅಂತಸ್ತುಗಳನ್ನು ತೂತು ಮಾಡಿ, ಛಾವಣಿಯನ್ನು ಸೀಳಿಕೊಂಡು ಆಕಾಶಕ್ಕೆ ಹಾರಿತು. ಮೇಲಿದ್ದ ನೀರಿನ ತೊಟ್ಟಿ ಉರುಳಿ ಕಟ್ಟಡದ ಮೇಲೆಯೇ ಬಿದ್ದಿತು. ಅಂತಸ್ತುಗಳು ಒಂದರ ಮೇಲೊಂದು ಕುಸಿದವು. ಕೆದರಿಬಿದ್ದ ಕೆಂಡ ಒಣಮರಕ್ಕೆ ತಗಲಿತು. ಮುರಿದ ಗ್ಯಾಸಿನ ಕೊಳವೆಗಳು ಬೆಂಕಿಗೆ ಆಹಾರವಾದವು. ತೊಲೆಗಳ ಕೆಳಗೆ ಸಿಕ್ಕಿದವರನ್ನು ಎಳೆದು ತೆಗೆಯಲು ನೆರೆಯವರು ಹೋರಾಡಿದರು. 58 ಮಂದಿ ಸತ್ತರು; ಸುಮಾರು 150 ಮಂದಿ ಗಾಯಗೊಂಡರು. ಸತ್ತವರಲ್ಲಿ ಅನೇಕರನ್ನು ಇಂಥವರೆಂದು ಗುರುತಿಸುವುದು ಮನೆಯವರಿಗೂ ಆಗಲಿಲ್ಲ. ಅವರೆಲ್ಲರನ್ನೂ ಒಂದೇ ಸಮಾಧಿಯಲ್ಲಿ ಇಟ್ಟರು.

ವಿಚಾರಣೆಯಲ್ಲಿ ಕಂಡ ಕಾರಣ ಸಣ್ಣದು. ಆ ಬಾಯ್ಲರಿನ ಉದ್ದನೆಯ ಹೊಲಿಗೆಯಲ್ಲಿ ಒಂದು ತಗಡಿನ ಅಂಚನ್ನು ಇನ್ನೊಂದರ ಅಂಚಿನ ಮೇಲೆ ಹೊದಿಸಿ ರಿವೆಟ್ಟು ಹೊಡೆದಿದ್ದರು. ಹೀಗೆ ಮಾಡಿದ ಪೀಪಾಯಿ ಹೊಲಿಗೆಯ ಬಳಿ ಪೂರ್ಣ ವೃತ್ತವಾಗಿರುವುದಿಲ್ಲ. ಪ್ರತಿದಿನ ಉಗಿಯೇರಿದಾಗ ಚಿಪ್ಪು ದುಂಡಗಾಗಲು ಹವಣಿಸುತ್ತದೆ. ಇಳಿದಾಗ ಮತ್ತೆ ಹಿಂದಕ್ಕೆ ಸರಿಯುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತಿದ್ದರೆ ಒಂದು ದಿನ ತುಂಡಾಗುವಂತೆ, ಹೊದಿಕೆಯ ಮರೆಯಲ್ಲಿ ಕೂದಲಿನಂಥ ಬಿರುಕೊಂದು ಹುಟ್ಟಿ ವರ್ಷ ವರ್ಷವೂ ಬೆಳೆದಿತ್ತು. ಮೇಲಿನ ತಗಡು ಅದನ್ನು ಮುಚ್ಚಿಕೊಂಡಿದ್ದುದರಿಂದ ಪರೀಕ್ಷಕನ ಕಣ್ಣಿಗೂ ಬೀಳುವಂತಿರಲಿಲ್ಲ. ಕೆಂಪು ಗೆರೆ ಬಾಯ್ಲರಿನ ಹುಟ್ಟಿನ ದಿನದ ಬಲವನ್ನು ಹೇಳುತ್ತಿತ್ತು. ಸೋಮವಾರ ಬೆಳಗಿನ ಬಲವನ್ನು ಹೇಳಲು ಅದಕ್ಕೆ ತಿಳಿದಿರಲಿಲ್ಲ.

ಗೆರೆ ನಿಯಮವಾಯಿತು

1906ರ ಡಿಸೆಂಬರಿನಲ್ಲಿ ಅದೇ ರಾಜ್ಯದ ಲಿನ್ ಪಟ್ಟಣದ ಬೂಟು ಕಾರ್ಖಾನೆಯೊಂದರಲ್ಲಿ ಮತ್ತೆ ಬಾಯ್ಲರು ಸಿಡಿಯಿತು. 1907ರಲ್ಲಿ ಮ್ಯಾಸಚೂಸೆಟ್ಸ್ ಸರಕಾರ ಕಾನೂನು ತಂದು, ಬಾಯ್ಲರುಗಳನ್ನು ಹೇಗೆ ಕಟ್ಟಬೇಕು, ಯಾವ ಒತ್ತಡದವರೆಗೆ ನಡೆಸಬೇಕೆಂಬುದನ್ನು ಗೊತ್ತುಪಡಿಸಲು ಮಂಡಲಿಯೊಂದನ್ನು ನೇಮಿಸಿತು. ಇತರ ರಾಜ್ಯಗಳೂ ತಮ್ಮ ತಮ್ಮ ನಿಯಮಗಳನ್ನು ಮಾಡತೊಡಗಿದವು. ಒಂದು ರಾಜ್ಯದಲ್ಲಿ ಒಪ್ಪಿಗೆಯಾದ ಬಾಯ್ಲರು ಇನ್ನೊಂದರಲ್ಲಿ ಸಲ್ಲದಾಯಿತು. ಈ ಗೊಂದಲವನ್ನು ನೀಗಲು ಅಮೆರಿಕದ ಯಂತ್ರಶಿಲ್ಪಿಗಳ ಸಂಘ 1911ರಲ್ಲಿ ಸಮಿತಿಯೊಂದನ್ನು ರಚಿಸಿತು. ಅದು ಸಿದ್ಧಪಡಿಸಿದ 1914ರ ಸಂಹಿತೆ 1915ರಲ್ಲಿ ಹೊರಬಂದಿತು. ಅದು ಗೊತ್ತುಮಾಡಿದ ರಕ್ಷಣೆಯ ಅಂಶ ಐದು. ಎಂದರೆ, ಬಾಯ್ಲರು ಬಿರಿಯಬಹುದಾದ ಒತ್ತಡದ ಐದನೆಯ ಒಂದು ಭಾಗವೇ ಅದನ್ನು ನಡೆಸುವ ಎಲ್ಲೆ. ಉಕ್ಕು ಶುದ್ಧವಾಗುತ್ತ, ರಿವೆಟ್ಟಿನ ಬದಲು ಬೆಸುಗೆ ಬಂದು, ಬೆಸುಗೆಯ ಒಳಗನ್ನು ಎಕ್ಸ್‌ರೇ ಕಿರಣಗಳಿಂದ ನೋಡುವಂತಾದ ಮೇಲೆ ಆ ಅಂಶ ಇಳಿಯುತ್ತ ಬಂದು ಈಗ ಮೂರೂವರೆಗೆ ನಿಂತಿದೆ. ಅಜ್ಞಾನ ಹೆಚ್ಚಾಗಿದ್ದಾಗ ಅಂತರ ಹೆಚ್ಚು ಬೇಕಾಗಿತ್ತು. ತಿಳಿವು ಬೆಳೆದಂತೆ ಅಂತರ ಕಡಿಮೆಯಾಯಿತು.

ಭಾರತದ ಕಥೆಯೂ ಇದೇ ದಾರಿಯಲ್ಲಿ ನಡೆಯಿತು. 1863ರಲ್ಲಿ ಕಲ್ಕತ್ತೆಯಲ್ಲಿ ಭಯಂಕರ ಬಾಯ್ಲರು ಸ್ಫೋಟವೊಂದು ಸಂಭವಿಸಿ ಹಲವರು ಸತ್ತರು. ಮರುವರ್ಷ ಬಂಗಾಳದಲ್ಲಿ ಬಾಯ್ಲರುಗಳ ತಪಾಸಣೆಗೆ ಕಾನೂನಾಯಿತು. ಬೇರೆ ಬೇರೆ ಪ್ರಾಂತಗಳು ಬೇರೆ ಬೇರೆ ಕಾನೂನುಗಳನ್ನು ಮಾಡಿಕೊಂಡು, ಒಂದಕ್ಕೊಂದು ಹೊಂದದೆ ಹೋದವು. ಕೊನೆಗೆ 1923ರಲ್ಲಿ ಇಡಿಯ ದೇಶಕ್ಕೆ ಒಂದೇ ಬಾಯ್ಲರು ಕಾಯಿದೆ ಬಂದಿತು. 1950ರಲ್ಲಿ ಅದರಡಿಯ ವಿವರವಾದ ನಿಬಂಧನೆಗಳು ಹೊರಟವು. ನೂರು ವರ್ಷಗಳ ಮೇಲೆ, 2025ರಲ್ಲಿ, ಹಳೆಯ ಕಾಯಿದೆಯ ಸ್ಥಾನಕ್ಕೆ ಹೊಸದು ಬಂದಿತು. ಕಾಯಿದೆಯ ಮಾತು ಬದಲಾದರೂ ತಿರುಳು ಅದೇ: ಅನುಮತಿಯ ಒತ್ತಡವನ್ನು ಮೀರಿ ಬಾಯ್ಲರನ್ನು ನಡೆಸುವುದೂ, ರಕ್ಷಣಾ ಕವಾಟವನ್ನು ಕೆಲಸಕ್ಕೆ ಬಾರದಂತೆ ಮಾಡುವುದೂ ಶಿಕ್ಷಾರ್ಹ ಅಪರಾಧಗಳು. ಗ್ರಿನಿಚ್‌ನ ಸ್ಪ್ಯಾನರು ಇನ್ನೂ ಮರೆತುಹೋಗಿಲ್ಲ.

25 ಲೀಟರಿಗಿಂತ ಚಿಕ್ಕ ಪಾತ್ರೆಗಳು ಈ ಕಾಯಿದೆಯ ಹೊರಗಿರುವುದರಿಂದ ಅಡುಗೆಮನೆಯ ಕುಕ್ಕರಿಗೆ ಇನ್‌ಸ್ಪೆಕ್ಟರು ಬರುವುದಿಲ್ಲ. ಕಾರ್ಖಾನೆಯ ಬಾಯ್ಲರಿಗೆ ಮಾತ್ರ ಅವನು ಬರಲೇಬೇಕು. ಕರ್ನಾಟಕದಲ್ಲಿ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯಿದೆ. ಬಾಯ್ಲರನ್ನು ಆರಿಸಿ, ಬರಿದುಮಾಡಿ, ಒಳಗೆ ಇಣುಕಿ, ತಗಡಿನ ದಪ್ಪವನ್ನು ಅಳೆದು, ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಅದಕ್ಕೆ ಪ್ರಮಾಣಪತ್ರವನ್ನು ಹೊಸದಾಗಿ ಕೊಡಬೇಕು. ಆ ಪತ್ರದಲ್ಲಿ ಎಷ್ಟು ಒತ್ತಡವೆಂದು ಬರೆದಿರುತ್ತದೆಯೋ ಅಷ್ಟೇ ಆ ವರ್ಷದ ಎಲ್ಲೆ. ಕವಾಟ ಅದಕ್ಕಿಂತ ಮೇಲೆ ತೆರೆಯುವಂತಿಲ್ಲ. ಉಗಿಯನ್ನು ಕೆಲಸಕ್ಕೆ ಬಿಡದೆ ಉರಿಯನ್ನು ಪೂರ್ತಿ ಹಾಕಿದರೂ, ಕವಾಟಗಳು ತೆರೆದ ಮೇಲೆ ಒತ್ತಡ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಕೂಡದು. ವಯಸ್ಸಾದ ಚಿಪ್ಪಿನ ಬಾಯ್ಲರುಗಳ ಎಲ್ಲೆಯನ್ನು ವರ್ಷಗಳಿಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಏರ್ಪಾಡೂ ನಿಬಂಧನೆಗಳಲ್ಲಿದೆ.

ಏರುವ ಎಲ್ಲೆ, ಇಳಿಯುವ ಎಲ್ಲೆ

ಉಗಿಯ ಇತಿಹಾಸವನ್ನು ದೂರದಿಂದ ನೋಡಿದವರಿಗೆ ಎಲ್ಲೆ ಮೇಲಕ್ಕೇ ಹೋಗುತ್ತಿರುವಂತೆ ಕಾಣುತ್ತದೆ. ಹಿಂದೆ ಚದರ ಸೆಂಟಿಮೀಟರಿಗೆ 21 ಅಥವಾ 32 ಕಿಲೋಗ್ರಾಂ ಒತ್ತಡದಲ್ಲಿ ನಡೆಯುತ್ತಿದ್ದ ಸಕ್ಕರೆ ಕಾರ್ಖಾನೆಗಳು, ಕಬ್ಬಿನ ಸಿಪ್ಪೆಯಿಂದ ವಿದ್ಯುತ್ತನ್ನೂ ತೆಗೆಯಲಾರಂಭಿಸಿದ ಮೇಲೆ 67, 87, 110 ಕಿಲೋಗ್ರಾಂಗಳವರೆಗೆ ಏರಿವೆ. ರಾಯಚೂರಿನ ಬಳಿಯ ಯರಮರಸ್, ವಿಜಯಪುರ ಜಿಲ್ಲೆಯ ಕೂಡಗಿ, ಈ ಎರಡು ವಿದ್ಯುದಾಗಾರಗಳಲ್ಲಿ ಒತ್ತಡ ಸುಮಾರು 225 ಕಿಲೋಗ್ರಾಮಿನ ಸಂಧಿಬಿಂದುವನ್ನೂ ದಾಟಿ ಹೋಗುತ್ತದೆ. ಅಲ್ಲಿ ನೀರಿಗೂ ಉಗಿಗೂ ನಡುವೆ ಭೇದವೇ ಉಳಿಯುವುದಿಲ್ಲ. ಐದಾರು ಪೌಂಡಿಗೆ ಅಂಜುತ್ತಿದ್ದ ವಾಟ್ ಇದನ್ನು ಕಂಡಿದ್ದರೆ ನಂಬುತ್ತಿರಲಿಲ್ಲ.

ಆದರೆ ಒಂದೊಂದು ಬಾಯ್ಲರನ್ನು ಹತ್ತಿರದಿಂದ ನೋಡಿದವರಿಗೆ ಕಾಣುವುದು ಬೇರೆ. ಮನುಷ್ಯಕುಲದ ಮಟ್ಟಿಗೆ ಎಲ್ಲೆ ಏರುತ್ತದೆ. ಒಂದು ಪಾತ್ರೆಯ ಮಟ್ಟಿಗೆ ಅದು ಇಳಿಯುವುದೇ ಹೊರತು ಏರುವುದಿಲ್ಲ. ಹುಟ್ಟಿದ ದಿನ ಬಾಯ್ಲರು ಅತ್ಯಂತ ಬಲಿಷ್ಠವಾಗಿರುತ್ತದೆ; ಆ ಮೇಲಿನ ಪ್ರತಿಯೊಂದು ದಿನವೂ ಒಂದಿಷ್ಟು ಸವೆತ, ಒಂದಿಷ್ಟು ಆಯಾಸ. ದೇಹ ಮುದಿಯಾದಂತೆ ಹೊರೆಯನ್ನು ಕಡಿಮೆ ಮಾಡಿಕೊಳ್ಳಬೇಕೆಂಬುದು ಮನುಷ್ಯರಲ್ಲಿ ಸಹಜವಾಗಿ ತಿಳಿದ ಮಾತು. ಯಂತ್ರದ ವಿಷಯದಲ್ಲಿ ಮಾತ್ರ ಅದು ಮರೆತುಹೋಗುತ್ತದೆ. ನಿನ್ನೆ ತಡೆದದ್ದು ಇಂದೂ ತಡೆದೀತು, ಈ ಹಂಗಾಮು ಕಳೆಯಲಿ, ಈ ಆರ್ಡರು ಮುಗಿಯಲಿ ಎಂಬ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. 2021ರ ಡಿಸೆಂಬರಿನಲ್ಲಿ ಬಿಹಾರದ ಮುಜಫ್ಫರಪುರದ ಶಾವಿಗೆ ಕಾರ್ಖಾನೆಯೊಂದರಲ್ಲಿ ಬಾಯ್ಲರು ಸಿಡಿದು ಕೆಲಸಗಾರರು ಸತ್ತರು. ಬಾಯ್ಲರಿನ ಸಾವುಗಳು ಹಳೆಯ ಪುಸ್ತಕಗಳಲ್ಲಿ ಮಾತ್ರ ಇಲ್ಲ.

ಬಾಯ್ಲರಿನ ಬಳಿ ನಿಲ್ಲುವವನು ಅದನ್ನು ಕೊಂಡವನಲ್ಲ. ಅದರ ಪ್ರಮಾಣಪತ್ರಕ್ಕೆ ಸಹಿ ಹಾಕಿದವನೂ ಅಲ್ಲ. ಎಲ್ಲೆಯ ಬಗ್ಗೆ ತೀರ್ಮಾನ ನಡೆಯುವುದು ಫ್ಯಾನಿನ ಕೆಳಗಿನ ಕೋಣೆಯಲ್ಲಿ. ಅದರ ಫಲ ಬೀಳುವುದು ಉರಿಯ ಮುಂದೆ ಸಲಿಕೆ ಹಿಡಿದವನ ಮೇಲೆ, ಮೇಲಿನ ಅಂತಸ್ತಿನಲ್ಲಿ ಬೂಟು ಹೊಲಿಯುತ್ತಿರುವವಳ ಮೇಲೆ. ಕಾಯಿದೆಯಾಗಲಿ, ಇನ್‌ಸ್ಪೆಕ್ಟರಾಗಲಿ, ಪರೀಕ್ಷೆ ಪಾಸಾದ ಬಾಯ್ಲರು ಅಟೆಂಡರಾಗಲಿ, ಎಲ್ಲರೂ ಇರುವುದು ಈ ಅಂತರವನ್ನು ತುಂಬುವುದಕ್ಕಾಗಿ.

ತಪಾಸಣೆಗೆ ಬಂದ ಎಂಜಿನಿಯರೊಬ್ಬ ಹಳೆಯ ಬಾಯ್ಲರೊಂದರ ತಗಡನ್ನು ಅಳೆದು, 10 ಎಂದಿದ್ದ ಅಂಕಿಯನ್ನು 8ಕ್ಕೆ ಇಳಿಸಿ ಹೋದನೆಂದರೆ, ಮಾಲೀಕನಿಗೆ ನಷ್ಟ, ಮ್ಯಾನೇಜರಿಗೆ ಬೇಸರ. ಅಂದು ಸಂಜೆ ಕೆಲಸಗಾರರು ಬುತ್ತಿಯ ಡಬ್ಬಿ ಹಿಡಿದು ಎಂದಿನಂತೆ ಮನೆಗೆ ಹೋಗುತ್ತಾರೆ. ಆ ದಿನ ಏನೂ ನಡೆಯಲಿಲ್ಲವಾದ್ದರಿಂದ ಅವನನ್ನು ಯಾರೂ ನೆನೆಯುವುದಿಲ್ಲ.